ಮಡಿಕೆಯಲ್ಲಿ ಹೋದ ಅಕ್ಷರ

ನನಗೆ ಮೋಡಿ ಲಿಪಿ ಓದಲು ಬರುತ್ತದೆ ಎಂಬುದು ವಡೋದರಾದಲ್ಲಿ ಹದಿನೆಂಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ. ನನ್ನ ಗಂಡ ಮಕರಪುರಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾನು ಮಂಜಲ್‌ಪುರದ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಮಗಳು ಓದು ಮುಗಿಸಿ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಮನೆ ಮಾಡಿದ ಮೇಲೆ ಆ ಕೆಲಸ ಬಿಟ್ಟೆ. ಬಿಟ್ಟ ಮೇಲೆ ಏನು ಮಾಡುವುದೆಂದು ತಿಳಿಯದೆ ಒಂದು ವರ್ಷ ಹಾಗೇ ಕಳೆಯಿತು.

ಆ ವರ್ಷ ಪಕ್ಕದ ಸೊಸೈಟಿಯ ಮರಾಠಿ ಮನೆಯೊಂದರಲ್ಲಿ ಗಣಪತಿ ಕೂಡಿಸಿದ್ದರು. ಆರತಿ ಮುಗಿದು ಪ್ರಸಾದಕ್ಕೆ ಕಾಯುವಾಗ, ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಬಿಟ್ಟಿದ್ದ ಹಳೆಯ ಕಾಗದವೊಂದನ್ನು ಸುಮ್ಮನೆ ಓದುತ್ತ ನಿಂತೆ. ತುಟಿ ಅಲ್ಲಾಡುತ್ತಿತ್ತೇನೋ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಇದು ನಿಮಗೆ ಓದಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಮುತ್ತಜ್ಜನಿಗೆ ಸಿಕ್ಕ ಸನ್ನದು ಎಂದು ಆ ಮನೆಯವರು ಬಂದವರಿಗೆಲ್ಲ ತೋರಿಸುತ್ತಿದ್ದ ಆ ಕಾಗದದಲ್ಲಿ ಇದ್ದದ್ದು ಕುದುರೆಗಳಿಗೆ ಹುಲ್ಲು ತರಿಸುವ ಮಾತು. ಅದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಕೇಳಿದ ಹೆಂಗಸು ಒಂದು ಚಿಕ್ಕ ಯೋಜನೆ ನಡೆಸುತ್ತಿದ್ದರು. ದಕ್ಷಿಣ ಗುಜರಾತಿನ ಆದಿವಾಸಿ ಹಳ್ಳಿಗಳ ಚರಿತ್ರೆಯನ್ನು ಆಯಾ ಹಳ್ಳಿಯವರ ಬಾಯಿಂದಲೇ ಕೇಳಿ, ಸಿಕ್ಕಷ್ಟು ಹಳೆಯ ದಾಖಲೆ ಸೇರಿಸಿ ಬರೆಯುವ ಕೆಲಸ. ಬಾಯಿಮಾತು ಬರೆದುಕೊಳ್ಳಲು ಅವರ ಬಳಿ ಜನ ಇದ್ದರು. ವಡೋದರಾದ ಮರಾಠಾ ಅರಸರ ಸಂಸ್ಥಾನದ ಕಾಲದ ಹಳೆಯ ಕಾಗದಗಳು ಮಾತ್ರ ಮರಾಠಿಯಲ್ಲಿ, ಅದೂ ಮೋಡಿಯಲ್ಲಿ ಇದ್ದುದರಿಂದ ಅಲ್ಲಿಗೇ ನಿಂತುಬಿಡುತ್ತಿದ್ದರು. ಮೋಡಿ ಎಂದರೆ ಗುಮಾಸ್ತರು ಅವಸರದಲ್ಲಿ ಬರೆಯಲು ಬಳಸುತ್ತಿದ್ದ ಕೂಡುಬರಹ. ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯುವುದು, ಆಮೇಲೆ ಅದಕ್ಕೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುವುದು. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ಹ್ರಸ್ವ ದೀರ್ಘದ ಗೊಡವೆಯಿಲ್ಲ. ನಮ್ಮ ಧಾರವಾಡದ ಕಡೆ ಕುಲಕರ್ಣಿಗಳ ದಫ್ತರವೂ ಒಂದು ಕಾಲಕ್ಕೆ ಇದರಲ್ಲೇ ಇತ್ತು. ನನ್ನ ಅಜ್ಜ ಅಂಥ ಕುಲಕರ್ಣಿ. ಬೇಸಿಗೆ ರಜೆಯಲ್ಲಿ ನಾನು ಗಲಾಟೆ ಮಾಡಬಾರದೆಂದು ಸ್ಲೇಟಿನ ಮೇಲೆ ಮೋಡಿ ಬರೆಸುತ್ತಿದ್ದ. ಅದು ನಲವತ್ತು ವರ್ಷದ ನಂತರ ಗುಜರಾತಿನಲ್ಲಿ ಕೆಲಸ ಕೊಟ್ಟೀತೆಂದು ಅವನೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಸೂರತ್‌ನಿಂದ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರು ಫೋನಿಗೆ ಒಂದು ಫೋಟೋ ಕಳಿಸಿದರು. ಅವರು ಆದಿವಾಸಿ ಸಮುದಾಯದವರು, ನರ್ಸ್ ಆಗಿದ್ದ ಮಗಳ ಜೊತೆ ಸೂರತ್‌ನಲ್ಲಿ ಇರುತ್ತಿದ್ದರು. ಅವರ ಹಳ್ಳಿ ಅಲ್ಲಿಂದ ಪೂರ್ವಕ್ಕೆ, ತೇಗದ ಕಾಡಿನ ಅಂಚಿನಲ್ಲಿ. ಆ ಹಳ್ಳಿಯ ಹೆಸರನ್ನೂ ಅಲ್ಲಿಯ ಜನರ ಪಂಗಡದ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಯಾವುದೂ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ.

ಮಾಸ್ತರು ಬರೆದದ್ದರ ಸಾರಾಂಶ ಇಷ್ಟು. ಊರವರು ಗುಡ್ಡದ ಮೇಲೂ ಅದರ ಬುಡದಲ್ಲಿ ಹಳ್ಳದ ಪಕ್ಕ ಇರುವ ಹೊಲದ ಮೇಲೂ ಅರಣ್ಯ ಹಕ್ಕಿಗೆ ಅರ್ಜಿ ಹಾಕುತ್ತಿದ್ದಾರೆ. ಹೊಲವನ್ನು ನಾಲ್ಕು ತಲೆಮಾರಿನಿಂದ ಮಾಸ್ತರ ಮನೆತನವೇ ಉಳುತ್ತಿದ್ದರೂ ಸರ್ಕಾರಿ ಪುಸ್ತಕದಲ್ಲಿ ಅದು ಕಾಡು. ಊರಿನಲ್ಲಿ ಒಂದು ಹಳೆಯ ಕಾಗದ ಇದೆ. ಹಳ್ಳದ ಪಕ್ಕದ ಹೊಲವನ್ನು ಸಂಸ್ಥಾನ ಅವರ ಮುತ್ತಜ್ಜನಿಗೆ ಕೊಟ್ಟ ಪಟ್ಟೆ ಅದು ಎಂದು ಹಿರಿಯರು ಹೇಳುತ್ತಾರೆ. ಓದಬಲ್ಲವರು ಯಾರೂ ಇಲ್ಲ. ದಯವಿಟ್ಟು ಓದಿ ಹೇಳಿ.

ನಾನು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಓದಿದೆ. ಅದು ಎರಡನೆಯ ಹಾಳೆ, ಮೊದಲನೆಯದು ಇರಲಿಲ್ಲ. ಗುಡ್ಡದ ಹೆಸರು ಸಿಕ್ಕಿತು, ಹಳ್ಳ ಸಿಕ್ಕಿತು. "ಸದರಹು ಇಸಮ" ಎಂದರೆ ಮೇಲೆ ಹೇಳಿದ ಮನುಷ್ಯ, ಅದೂ ಸಿಕ್ಕಿತು. ಕೊನೆಯ ಪದ "ದ್ಯಾವೀ". ಜಮೀನನ್ನು ಕೊಡತಕ್ಕದ್ದು. ಮಾಸ್ತರಿಗೆ ಫೋನ್ ಮಾಡಿ, ಮೇಲೆ ಹೇಳಿದವನಿಗೆ ಹಳ್ಳದ ಪಕ್ಕದ ಜಮೀನು ಕೊಡಬೇಕೆಂದು ಇದೆ ಎಂದೆ. ಅವರು ಬಹಳ ಮೆಲ್ಲಗೆ, ನಮ್ಮಪ್ಪ ಬದುಕಿದ್ದಿದ್ದರೆ ಇದನ್ನು ಕೇಳಿಸಿಕೊಳ್ಳುತ್ತಿದ್ದರು ಎಂದರು. ನನಗೂ ಕಣ್ಣು ತುಂಬಿ ಬಂತು. ಇತಿಹಾಸ ಪಾಠ ಮಾಡಿದ ಅಷ್ಟೂ ವರ್ಷಗಳಲ್ಲಿ ಒಬ್ಬರಿಗೂ ಹೀಗೆ ಉಪಯೋಗಕ್ಕೆ ಬಂದಿರಲಿಲ್ಲ.

ಹದಿನೈದು ದಿನಗಳ ಮೇಲೆ ಹಳ್ಳಿಗೆ ಹೋದೆ. ಮಾಸ್ತರು ಸೂರತ್ ಸ್ಟೇಷನ್ನಿನಲ್ಲೇ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಬಟ್ಟೆಯ ಚೀಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಊರಿನ ಕಥೆ ಹೇಳಿದರು. ಊರಿನಲ್ಲಿ ಹೆಚ್ಚಿನವರು ಅವರ ಹಾಗೆ ಹೊಲ ಮಾಡುವವರು. ಊರಾಚೆ ನಾಲ್ಕು ಮನೆ ಬಿದಿರಿನವರದು. ನಮ್ಮ ಕಡೆಯ ಮೇದಾರರಂತೆ ಬಿದಿರು ಸೀಳಿ ಬುಟ್ಟಿ, ಮೊರ, ಕಣಜ ಹೆಣೆಯುವವರು. ಅವರೂ ಆದಿವಾಸಿಗಳೇ. ಆದರೆ ಅವರಿಗೆ ಹೊಲವಿಲ್ಲ, ಮದುವೆಯ ಊಟದಲ್ಲಿ ಕೊನೆಯ ಸಾಲು. ಈ ಕೊನೆಯ ಸಾಲಿನ ಮಾತನ್ನು ಮಾಸ್ತರು ಹೇಳಲಿಲ್ಲ, ಆಮೇಲೆ ನಾನೇ ಕಂಡದ್ದು.

ಕಾಗದ ಇದ್ದದ್ದು ಆ ನಾಲ್ಕು ಮನೆಗಳಲ್ಲಿ ಒಂದರಲ್ಲಿ. ಅಲ್ಲೇಕೆ ಎಂದು ಕೇಳಿದಾಗ ಮಾಸ್ತರು, ಇಲಿ ಹೊಗದಂಥ ಬಿದಿರಿನ ಕೊಳವೆ ಮಾಡಬಲ್ಲವರು ಅವರೇ ತಾನೆ, ಅದಕ್ಕೇ ಮುತ್ತಜ್ಜ ಅವರ ಕೈಗೆ ಕೊಟ್ಟಿಟ್ಟಿದ್ದ ಎಂದರು. ಕೇಳಿದರೆ ಸರಿಯಾಗಿಯೇ ಇತ್ತು.

ಆ ಮನೆಯ ಯಜಮಾನಿ ಎಪ್ಪತ್ತು ದಾಟಿದ ಮುದುಕಿ. ಗಂಡ ಇಲ್ಲ, ಮಗ ಸೊಸೆ ಕಬ್ಬು ಕಡಿಯಲು ಹೋಗಿದ್ದರು. ಕಾಳಿನ ಬುಟ್ಟಿಯಲ್ಲಿ ಕಾಳಿನ ದೇವತೆಯ ಜೊತೆಗೇ ಆ ಕೊಳವೆ ಇತ್ತು. ಹೊರಗೆ ಚಾಪೆ ಹಾಸಿ, ಊರಿನ ಹತ್ತಿಪ್ಪತ್ತು ಜನರ ಮುಂದೆ ಆಕೆ ಕೊಳವೆಯ ಬಿರಡೆ ತೆಗೆದು ಕಾಗದವನ್ನು ನನ್ನ ಕೈಗೆ ಕೊಟ್ಟಳು. ವರ್ಷಕ್ಕೊಮ್ಮೆ ದೇವತೆಯ ಜೊತೆ ಪೂಜೆ ಮಾಡುವಾಗ ಹಚ್ಚಿದ ಅರಿಶಿನದ ಕಲೆ, ಹೊಗೆಯ ವಾಸನೆ. ಎಷ್ಟು ಸಲ ಮಡಿಸಿದ್ದರೋ, ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದು ಜರಡಿಯಂತಾಗಿತ್ತು.

ಕನ್ನಡಕ ಒರೆಸಿಕೊಂಡು ಕೊನೆಯ ಸಾಲಿಗೆ ಬಂದೆ. ಫೋಟೋದಲ್ಲಿ ನಾನು "ದ" ಎಂದು ಓದಿದ ಕಪ್ಪು ಗೆರೆ ಅಕ್ಷರವಾಗಿರಲಿಲ್ಲ, ಮಡಿಕೆಯ ನೆರಳಾಗಿತ್ತು. ಅಲ್ಲಿ ತೂತು ಇತ್ತು. ತೂತಿನ ಈಚೆ "ಸದರಹು ಇಸಮ", ತೂತಿನ ಆಚೆ "ಯಾವೀ". "ದ್ಯಾವೀ" ಆದರೆ ಕೊಡತಕ್ಕದ್ದು. "ಘ್ಯಾವೀ" ಆದರೆ ತೆಗೆದುಕೊಳ್ಳತಕ್ಕದ್ದು. ಮನುಷ್ಯ ಎಂಬ ಪದದ ಮುಂದೆ ಇದ್ದ ಪ್ರತ್ಯಯ ಉಳಿದಿದ್ದರೆ ಅವನಿಗೋ ಅವನಿಂದಲೋ ಎಂದಾದರೂ ಗೊತ್ತಾಗುತ್ತಿತ್ತು. ಅದೂ ಆ ತೂತಿನಲ್ಲೇ ಹೋಗಿತ್ತು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮಾಸ್ತರು, ಓದಿ ಬೆನ್, ಎಲ್ಲರಿಗೂ ಕೇಳುವ ಹಾಗೆ ಓದಿ ಎಂದರು. ಬೆನ್ ಎಂದರೆ ಅಲ್ಲಿ ಅಕ್ಕ. ನಾನು ಮರಾಠಿಯಲ್ಲಿ ಗುಡ್ಡದ ಹೆಸರಿನವರೆಗೆ ಓದಿದೆ, ಹಳ್ಳದವರೆಗೆ ಓದಿದೆ. ಕೊನೆಯ ಪದ ಬಂದಾಗ "ದ್ಯಾವೀ" ಎಂದುಬಿಟ್ಟೆ. ಯಾಕೆ ಹಾಗಂದೆ ಎಂದು ನನಗೆ ಈಗಲೂ ತಿಳಿಯದು. ಹೆದರಿಕೆಯೋ, ದಾಕ್ಷಿಣ್ಯವೋ, ಅಥವಾ ಒಮ್ಮೆ ಆಡಿದ ಮಾತು ಬಾಯಿಗೆ ಅಭ್ಯಾಸವಾಗಿತ್ತೋ. ಮಾಸ್ತರು ಅರ್ಥ ಹೇಳಿದ ಮೇಲೆ ಹೆಂಗಸರು ನಗುತ್ತ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ನನಗೆ ರಾಗಿ ರೊಟ್ಟಿ, ಹಸಿಮೆಣಸಿನ ಚಟ್ನಿ ತಂದುಕೊಟ್ಟರು. ತಿಂದೆ.

ಹೊರಡುವ ಮುಂಚೆ ಕೈ ತೊಳೆಯಲು ಮುದುಕಿಯ ಮನೆಯ ಹಿತ್ತಿಲಿಗೆ ಹೋದೆ. ಆಕೆ ನೀರು ಹಾಕುತ್ತ, ಅರ್ಧ ಗುಜರಾತಿ ಅರ್ಧ ತನ್ನ ಮಾತಿನಲ್ಲಿ ಏನೋ ಹೇಳಿದಳು. ನನಗೆ ತಿಳಿಯಲಿಲ್ಲವೆಂದು ಇನ್ನೊಮ್ಮೆ ಹೇಳಿದಳು.

"ಇಟ್ಟುಕೊಳ್ಳಲು ಕೊಟ್ಟದ್ದಲ್ಲ ಅದು. ನಮ್ಮ ಮನೆಗೇ ಬಂದ ಕಾಗದ. ಅದರಲ್ಲಿರುವ ಮನುಷ್ಯ ನಮ್ಮವನು."

ಮಾಸ್ತರಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. ಆಕೆ ತಂಬಿಗೆಯಲ್ಲಿ ಉಳಿದ ನೀರನ್ನು ಬದನೆ ಗಿಡಕ್ಕೆ ಸುರಿದು ಒಳಗೆ ಹೋದಳು.

ವಾಪಸು ಬರುವ ರೈಲಿನಲ್ಲಿ ಸೀಟು ಸಿಕ್ಕಿತ್ತು, ಆದರೆ ಕೂತಲ್ಲಿ ಕೂರಲಾಗಲಿಲ್ಲ. ಲೆಕ್ಕ ಹಾಕುತ್ತಲೇ ಇದ್ದೆ. ಮನುಷ್ಯ ಮಾಸ್ತರ ಮುತ್ತಜ್ಜನಾಗಿ, ಪದ ಕೊಡತಕ್ಕದ್ದು ಎಂದಾದರೆ, ಅವರು ನಂಬಿದ್ದು ನಿಜ. ಮನುಷ್ಯ ಮುದುಕಿಯ ಕಡೆಯವನಾಗಿ, ಪದ ಕೊಡತಕ್ಕದ್ದು ಎಂದೇ ಆದರೆ, ಮಾಸ್ತರ ಮನೆತನ ನಾಲ್ಕು ತಲೆಮಾರಿನಿಂದ ಉಳುತ್ತಿರುವುದು ಬಿದಿರಿನವರ ಹೊಲ. ತೆಗೆದುಕೊಳ್ಳತಕ್ಕದ್ದು ಎಂದಾದರೆ ಯಾರಿಂದ ತೆಗೆದರು, ತೆಗೆದು ಯಾರಿಗೆ ಕೊಟ್ಟರು? ತಮ್ಮ ನೆಲ ಕಿತ್ತುಕೊಂಡ ಆಜ್ಞೆಗೇ ಒಂದು ಮನೆಯವರು ವರ್ಷ ವರ್ಷ ಅರಿಶಿನ ಹಚ್ಚಿ ಪೂಜೆ ಮಾಡುತ್ತಿದ್ದಾರೆಯೇ? ಅಥವಾ ಮಾಸ್ತರ ಹಿರಿಯನೂ ಮುದುಕಿಯ ಹಿರಿಯನೂ ಅಲ್ಲದ ಮೂರನೆಯ ಮನುಷ್ಯ ಒಬ್ಬನಿದ್ದನೆ? ನಾನು ರೈಲಿನ ಚೀಟಿಯ ಹಿಂದೆ ಬರೆದುಕೊಂಡು ನೋಡಿದೆ. ಬರೆದಷ್ಟೂ ಗೋಜಲಾಯಿತು.

ಅಜ್ಜನ ಒಂದು ಪ್ರಸಂಗ ನೆನಪಾಯಿತು. ನನಗೆ ಹತ್ತು ವರ್ಷ ಇರಬಹುದು. ಊರ ಕೇರಿಯ ಕಡೆಯಿಂದ ಒಬ್ಬಾತ ಕಾಗದ ಹಿಡಿದುಕೊಂಡು ಬಂದು, ಮೆಟ್ಟಿಲ ಕೆಳಗೇ ನಿಂತು, ಇದರಾಗ ಏನ್ ಬರದದ ಓದಿ ಹೇಳ್ರೀ ಎಂದು ಕೇಳಿದ. ಅಜ್ಜ ಗಡಗಡ ಓದಿ ಹೇಳಿದ, ಆತ ಕೈ ಮುಗಿದು ಹೋದ. ಅಜ್ಜನ ಹೆಗಲ ಹಿಂದೆ ನಿಂತು ನಾನೂ ಅದೇ ಕಾಗದದ ಅಕ್ಷರ ಕೂಡಿಸುತ್ತಿದ್ದೆ. ಅಜ್ಜ ಓದಿದ್ದೂ ನಾನು ಕೂಡಿಸಿದ್ದೂ ಬೇರೆ ಬೇರೆ ಇತ್ತು. ಆಗಷ್ಟೇ ಕಲಿಯುತ್ತಿದ್ದ ಹುಡುಗಿ ನಾನು, ತಪ್ಪು ನನ್ನದೇ ಇರಬೇಕು ಎಂದು ಸುಮ್ಮನಾದೆ. ಈಗ ಯೋಚಿಸಿದರೆ ಅದೂ ಖಚಿತವಿಲ್ಲ. ಅಜ್ಜನನ್ನು ಸುಳ್ಳುಗಾರ ಎನ್ನಲು ನನ್ನ ಬಳಿ ಆಧಾರವಿಲ್ಲ. ಅಲ್ಲ ಎನ್ನಲೂ ಇಲ್ಲ.

ಮನೆಗೆ ಬಂದು ಎಲ್ಲವನ್ನೂ ಗಂಡನಿಗೆ ಹೇಳಿದೆ. ಅವರು ಯಂತ್ರಗಳ ಮನುಷ್ಯ, ಇಂಥದ್ದು ಅವರಿಗೆ ತಲೆಬಿಸಿಯೇ ಅಲ್ಲ. "ಓದಲಿಕ್ಕೆ ಬಂದದ್ದನ್ನ ಬಂತು ಅನ್ನು, ಬರಲಾರದ್ದನ್ನ ಬರಲಿಲ್ಲ ಅನ್ನು. ಇದರಾಗ ಅಳೋದೇನದ?" ಎಂದರು. ನಾನು ಅಳುತ್ತಿರುವುದು ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಆಗ ಒಂದೇ ದಾರಿ ಕಂಡಿತು. ಸಂಸ್ಥಾನದ ಕಚೇರಿಯಿಂದ ಹೊರಟ ಆಜ್ಞೆಗಳ ನಕಲು ಕಚೇರಿಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇತ್ತು. ಹಾಗಾದರೆ ಈ ಕಾಗದದ ನಕಲು ವಡೋದರಾದ ದಫ್ತರಖಾನೆಯಲ್ಲಿ ಇರಬೇಕು. ಸುಮಾರು ಎರಡು ತಿಂಗಳು, ವಾರಕ್ಕೆ ಮೂರು ದಿನ, ಬೆಳಿಗ್ಗೆ ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ ಕೂತೆ. ಕೆಂಪು ಬಟ್ಟೆಯ ಗಂಟುಗಳನ್ನು ಬಿಚ್ಚುವುದು, ಸೀನುವುದು, ಕಟ್ಟುವುದು. ಆ ಗುಡ್ಡದ ಹೆಸರು ಕಣ್ಣಿಗೆ ಬಿದ್ದದ್ದು ಒಂದೇ ಒಂದು ಕಡೆ, ಹೊರಹೋದ ಪತ್ರಗಳ ಪಟ್ಟಿಯಲ್ಲಿ. "ಗುಡ್ಡದ ಬುಡದ ಜಮೀನಿನ ವಿಷಯ. ಹುಕುಂ ಹೋಗಿದೆ." ಅಷ್ಟೇ. ಏನೆಂದು ಹುಕುಂ, ಯಾರಿಗೆ ಹುಕುಂ, ಇಲ್ಲ. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೆಂದರೆ, ಅಲ್ಲಿಯ ಗುಮಾಸ್ತೆ ಹುಡುಗಿ ಏನಾದರೂ ಸಿಕ್ಕಿತಾ ಬೆನ್ ಎಂದು ಎದ್ದು ಬಂದಳು. ಸಿಕ್ಕಿತು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ತಲೆಯಾಡಿಸಿದೆ.

ಅಹಮದಾಬಾದಿನ ಮಣಿನಗರದಲ್ಲಿ ಒಬ್ಬ ವೃದ್ಧರಿದ್ದರು. ಮರಾಠಿ ಕಲಿಸಿ ನಿವೃತ್ತರಾದವರು. ಮೋಡಿಯಲ್ಲಿ ನನಗಿಂತ ಬಹಳ ದೊಡ್ಡವರು. ಮಗಳ ಮನೆಯಲ್ಲಿ ಉಳಿದುಕೊಂಡು, ಅವಳನ್ನೇ ಕರೆದುಕೊಂಡು ಅವರಲ್ಲಿಗೆ ಹೋದೆ. ಕಾಗದದ ಒಳ್ಳೆಯ ಫೋಟೋಗಳನ್ನು ಆಮೇಲೆ ತರಿಸಿಕೊಂಡಿದ್ದೆ, ದೊಡ್ಡದಾಗಿ ಅಚ್ಚು ಹಾಕಿಸಿದ್ದೆ. ಅವರು ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಹೋಗಿ ನೋಡಿದರು. "ಘ್ಯಾವೀ" ಎಂದರು. ಚಹ ಬಂತು. ಚಹ ಕುಡಿದು ಇನ್ನೊಮ್ಮೆ ನೋಡಿ, "ದ್ಯಾವೀಯೂ ಇರಬಹುದು" ಎಂದರು. ಹೇಗೆ ಗೊತ್ತಾಗಬೇಕು ಎಂದು ನಾನು ಕೇಳಿದೆ. ಗೊತ್ತಾಗುವುದಿಲ್ಲ ಎಂದು ಅವರು ನೇರವಾಗಿಯೇ ಹೇಳಿದರು. ಬರೆದವನಿಗೆ ಗೊತ್ತಿತ್ತು, ಅಂದು ಓದಿದವನಿಗೆ ಗೊತ್ತಿತ್ತು, ನೀವು ನಾವು ಓದಲೆಂದು ಅವರು ಬರೆಯಲಿಲ್ಲವಲ್ಲ ಎಂದರು.

ಬೋಪಾಲ್‌ಗೆ ವಾಪಸಾಗುವಾಗ ಮಗಳು ಸ್ಕೂಟರು ಓಡಿಸುತ್ತಿದ್ದಳು. ಅವಳ ಕನ್ನಡ ಅಷ್ಟಕ್ಕಷ್ಟೆ, ನಡುವೆ ಗುಜರಾತಿ, ಇಂಗ್ಲಿಷು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂತಿರುಗಿ, "ಅಮ್ಮಾ, ನೀನು ಆಲ್ರೆಡಿ ಹೇಳಿಬಿಟ್ಟಿದೀಯ ನೆ? ಈಗ ಚೇಂಜ್ ಮಾಡಿದ್ರೆ ಆ ಅಂಕಲ್‌ಗೆ ಲಾಸ್, ಮಾಡದಿದ್ರೆ ಆ ಬಾಗೆ ಲಾಸ್. ಯಾರು ಜಾಸ್ತಿ ಪುವರ್?" ಎಂದಳು. ಬಾ ಎಂದರೆ ಗುಜರಾತಿಯಲ್ಲಿ ಅಜ್ಜಿ. ಯಾರು ಹೆಚ್ಚು ಬಡವರೋ ಅವರ ಕಡೆಗೆ ಓದಬೇಕೆಂದರೆ ಅದು ಓದುವುದು ಹೇಗಾಗುತ್ತದೆ ಎಂದು ಕೇಳಬೇಕೆಂದಿದ್ದೆ. ದೀಪ ಹಸಿರಾಯಿತು. ಮತ್ತೆ ಯೋಚಿಸಿದಾಗ, ನಾನು ಮೊದಲ ಸಲ ಓದಿದ್ದಾದರೂ ಹೇಗೆ? ಮಾಸ್ತರು ಬಯಸಿದ ಕಡೆಗೇ ಅಲ್ಲವೇ?

ಅದಾದ ವಾರಕ್ಕೆ ಸೂರತ್‌ಗೆ ಹೋಗಿ ಮಾಸ್ತರ ಮುಂದೆ ಕೂತೆ. ಅವರ ಮಗಳು ಡ್ಯೂಟಿಗೆ ಹೋಗಿದ್ದರಿಂದ ಚಹವನ್ನು ಅವರೇ ಮಾಡಿದರು. ಎಲ್ಲವನ್ನೂ ಹೇಳಿದೆ. ತೂತು ಎಲ್ಲಿದೆ ಎಂದು ಫೋಟೋದಲ್ಲಿ ತೋರಿಸಿದೆ. ಅಂದು ಊರವರ ಮುಂದೆ ಅಕ್ಷರ ಇಲ್ಲವೆಂದು ಗೊತ್ತಿದ್ದೂ ಅದನ್ನು ಓದಿದೆ ಎಂದೂ ಹೇಳಿದೆ. ಮುದುಕಿ ಹಿತ್ತಿಲಿನಲ್ಲಿ ಹೇಳಿದ ಮಾತನ್ನು ಹೇಳಬೇಕೋ ಬೇಡವೋ ಎಂದು ಬಹಳ ತೂಗಿ, ಕೊನೆಗೆ ಹೇಳಲಿಲ್ಲ. ಅದು ಅವಳ ಮಾತು, ಅವಳೇ ಹೇಳಲಿ ಎನಿಸಿತು. ಈಗ ಅದೂ ಸರಿಯಾಯಿತೋ ಇಲ್ಲವೋ ಎಂದು ಸಂಶಯ.

ಮಾಸ್ತರು ತುಂಬ ಹೊತ್ತು ಫೋಟೋ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ಮನುಷ್ಯ ಅವರು.

"ಮೂವತ್ತು ವರ್ಷ ನಾನು ತಪ್ಪು ಬರೆದ ಮಕ್ಕಳ ಕೈಗೆ ಹೊಡೆದಿದ್ದೇನೆ, ಬೆನ್," ಎಂದರು. "ನೀವು ಅಂದೇ ಹೇಳಬೇಕಾಗಿತ್ತು."

ತಪ್ಪಾಯಿತು ಎಂದೆ. ಅವರು ಊರಿಗೆ ಬಂದು ಎಲ್ಲರ ಮುಂದೆ ಹೇಳಿ ಎಂದರು. ಸಿಟ್ಟಿನಲ್ಲಿ ಹೇಳಿದರೋ, ನ್ಯಾಯವಾಗಿ ಹೇಳಿದರೋ, ಅವರ ಮುಖದಿಂದ ಗೊತ್ತಾಗಲಿಲ್ಲ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಬಿದಿರಿನವರು ಅಂಗಳದ ಕೊನೆಯಲ್ಲಿ ಪಂಪಿನ ಬಳಿ. ಮುದುಕಿ ಕೊಳವೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನನ್ನ ಮುರುಕು ಗುಜರಾತಿಯಲ್ಲಿ ಹೇಳಲು ಹೊರಟು, ಪದ ಸಿಗದೆ, ಶಾಲೆಯ ಕರಿಹಲಗೆಯನ್ನೇ ಹೊರಗೆ ತರಿಸಿದೆ. ಎರಡು ಪದಗಳನ್ನೂ ಗುಜರಾತಿ ಅಕ್ಷರದಲ್ಲಿ ಬರೆದು, ಮೊದಲ ಅಕ್ಷರವನ್ನು ಅಂಗೈಯಿಂದ ಒರೆಸಿ ತೋರಿಸಿದೆ. ಉಳಿದದ್ದು ಎರಡರಲ್ಲೂ ಒಂದೇ. ಓದು ಬಾರದ ಹೆಂಗಸರಿಗೂ ತಟ್ಟನೆ ತಿಳಿಯಿತು. ಇದರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ, ಅಂದು ಗೊತ್ತಿದೆ ಎಂದದ್ದು ನನ್ನ ತಪ್ಪು ಎಂದೆ. ಮನುಷ್ಯನ ಹೆಸರೂ ಈ ಹಾಳೆಯಲ್ಲಿ ಇಲ್ಲ ಎಂದೆ.

ಗಲಾಟೆ ಆದೀತೆಂದು ಹೆದರಿದ್ದೆ. ಆಗಲಿಲ್ಲ. ಒಬ್ಬ ಯುವಕ, ಹಾಗಾದರೆ ಈ ಕಾಗದ ನಮಗೆ ಉಪಯೋಗವೋ ನಷ್ಟವೋ ಎಂದು ಕೇಳಿದ. ಅರ್ಜಿಗೆ ಕಾಗದವೇ ಬೇಕೆಂದಿಲ್ಲ, ಹಿರಿಯರ ಹೇಳಿಕೆ ಮತ್ತು ಊರವರು ನಡೆದು ಗುರುತಿಸಿದ ಗಡಿ ಇದ್ದರೂ ನಡೆಯುತ್ತದೆ ಎಂದು ಮಾಸ್ತರು ಹೇಳಿದರು. ಆಗ ಮುದುಕಿ ಎದ್ದು ನಿಂತಳು. ಎಲ್ಲರ ಮುಂದೆ ಆಕೆ ಎದ್ದು ನಿಂತದ್ದೇ ಬಹುಶಃ ಮೊದಲು, ಯಾಕೆಂದರೆ ಹೆಂಗಸರು ಹಿಂತಿರುಗಿ ನೋಡಿದ ರೀತಿ ಹಾಗಿತ್ತು. ಹಿತ್ತಿಲಿನಲ್ಲಿ ಹೇಳಿದ ಮಾತನ್ನು ಈಗ ಹೇಳುತ್ತಾಳೆ ಎಂದುಕೊಂಡೆ.

"ಕಾಗದ ಕೊಡುವುದಿಲ್ಲ," ಎಂದಳು. "ಅರ್ಜಿಗೆ ನಿಮ್ಮ ಮಾತು ಬರೆಯಿರಿ. ನಮ್ಮ ಮಾತನ್ನೂ ಬರೆಯಿರಿ."

ಅಷ್ಟು ಹೇಳಿ ಕೂತಳು. ನಮ್ಮ ಮಾತು ಎಂದರೆ ಏನು ಎಂದು ಯಾರೂ ಕೇಳಲಿಲ್ಲ. ಮಾಸ್ತರು ಬರೆದುಕೊಳ್ಳುವ ಪುಸ್ತಕ ತೆಗೆದು ಪಂಪಿನ ಕಡೆ ನಡೆದರು. ಅವಳು ಕೂತು, ಅವರು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಬರೆದುಕೊಂಡದ್ದನ್ನು ನಾನು ದೂರದಿಂದ ನೋಡಿದೆ. ಏನು ಹೇಳಿದಳೋ ಕೇಳಿಸಲಿಲ್ಲ. ಬರೆಯುತ್ತ ಬರೆಯುತ್ತ ಅವರು ಒಂದು ಸಲ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು, ಮತ್ತೆ ಬರೆದರು.

ಅದಾದ ಮೇಲೆ ಎಂಟು ತಿಂಗಳು ಮಾಸ್ತರು ನನಗೆ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಅವರ ಮಗಳು ಎತ್ತಿ, ಅಪ್ಪ ಮಲಗಿದ್ದಾರೆ ಎನ್ನುತ್ತಿದ್ದಳು. ಅಷ್ಟರಲ್ಲಿ ಯೋಜನೆಯ ಪುಸ್ತಕಕ್ಕೆ ಆ ಹಳ್ಳಿಯ ಅಧ್ಯಾಯ ಬರೆಯಬೇಕಾಗಿತ್ತು. ನಾನು ಎರಡು ಓದುಗಳನ್ನೂ, ಎರಡು ಮನೆಯ ಮಾತುಗಳನ್ನೂ ಪಕ್ಕಪಕ್ಕ ಇಟ್ಟು ಬರೆದೆ. ಯೋಜನೆ ನಡೆಸುವವರು ಒಳ್ಳೆಯ ಹೆಂಗಸು, ಆದರೆ ಅವರಿಗೆ ಅದು ಹಿಡಿಸಲಿಲ್ಲ. ಓದುವವರಿಗೆ ಏನಾಯಿತು ಎಂದು ಗೊತ್ತಾಗಬೇಕಲ್ಲವೇ, ಇದೂ ಇರಬಹುದು ಅದೂ ಇರಬಹುದು ಎಂದರೆ ಚರಿತ್ರೆ ಹೇಗಾಗುತ್ತದೆ ಎಂದರು. ಅವರ ಮಾತು ತಪ್ಪೆನಿಸಲಿಲ್ಲ. ನನ್ನದನ್ನೂ ಬಿಟ್ಟುಕೊಡಲಾಗಲಿಲ್ಲ. ಕೊನೆಗೆ ಕಾಗದದ ವಿಷಯ ಅಡಿಟಿಪ್ಪಣಿಗೆ ಹೋಯಿತು, ಊರವರು ನಡೆದು ಗಡಿ ಗುರುತಿಸಿದ ದಿನದ ವಿವರ ಮೇಲೆ ಉಳಿಯಿತು.

ಅರ್ಜಿಯೂ ಒಂದು ರೀತಿ ತೀರ್ಮಾನವಾಯಿತು. ಗುಡ್ಡ, ಅದರ ಮೇಲಿನ ಬಿದಿರು, ಹುಲ್ಲು ಎಲ್ಲವೂ ಇಡೀ ಊರಿಗೆ ಸೇರಿ ಮಂಜೂರಾಯಿತು, ಬಿದಿರಿನವರ ನಾಲ್ಕು ಮನೆಯೂ ಅದರಲ್ಲಿ ಸೇರಿತು. ಹಳ್ಳದ ಪಕ್ಕದ ಹೊಲ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ. ಮಂಜೂರಾತಿಯ ಪತ್ರ ಬಂದ ಮಳೆಗಾಲದಲ್ಲಿ ನಾನೊಮ್ಮೆ ಹೋಗಿದ್ದೆ. ಆ ಹೊಲದ ಕೆಳಗಿನ ಒಂದು ಪಟ್ಟಿಯಲ್ಲಿ ಮುದುಕಿಯ ಸೊಸೆ ಭತ್ತದ ಸಸಿ ನೆಡುತ್ತಿದ್ದಳು. ಇದು ಹೇಗೆ ಎಂದು ಊರಿನಲ್ಲಿ ಒಬ್ಬರನ್ನು ಕೇಳಿದೆ. ಆ ಪಟ್ಟಿಯಲ್ಲಿ ನೀರು ನಿಲ್ಲುತ್ತದೆ, ಮಾಸ್ತರ ಮನೆಯವರಿಗೆ ಬೇಡವಾಗಿತ್ತು ಎಂದರು. ಇನ್ನೊಬ್ಬರು, ಮಾಸ್ತರೇ ಬಂದು ಗೆರೆ ಎಳೆದುಕೊಟ್ಟರು ಎಂದರು. ಮುದುಕಿಯನ್ನು ಕೇಳಿದಾಗ ಆಕೆ, ಅಲ್ಲಿ ನಾವು ಮೊದಲಿಂದಲೂ ಸಸಿ ಹಾಕುತ್ತಿದ್ದೆವು ಎಂದಳು. ಮೊದಲು ಹೋದಾಗ ಆ ಪಟ್ಟಿಯಲ್ಲಿ ಏನಿತ್ತು ಎಂದು ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ನಾನು ಅತ್ತ ನೋಡಿಯೇ ಇರಲಿಲ್ಲ.

ಪುಸ್ತಕ ಅಚ್ಚಾಗಿ ಬಂದಾಗ ಮಾಸ್ತರಿಗೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಕಾಗದ ಬರೆಯಲು ಕೂತು, ಏನು ಬರೆಯುವುದೆಂದು ತೋಚದೆ, ಪುಸ್ತಕವನ್ನಷ್ಟೇ ಕಳಿಸಿದೆ. ಹತ್ತು ದಿನದ ಮೇಲೆ ಮಧ್ಯಾಹ್ನ ಅವರ ಫೋನ್ ಬಂತು. ಕುಶಲ ಕೇಳಿದರು. ವಡೋದರಾದಲ್ಲಿ ಬಿಸಿಲು ಹೇಗಿದೆ ಎಂದರು. ಆಮೇಲೆ, ಇಪ್ಪತ್ತಮೂರನೆಯ ಪುಟ ತೆಗೆಯಿರಿ ಎಂದರು. ಅಡಿಟಿಪ್ಪಣಿ ಇದ್ದದ್ದು ಬೇರೆ ಪುಟದಲ್ಲಿ. ನಾನು ಪುಸ್ತಕ ತಂದು ತೆಗೆದೆ. ಗುಡ್ಡದ ಗಡಿ ಎಲ್ಲಿ ತಿರುಗುತ್ತದೋ ಅಲ್ಲಿ ಒಂದು ಇಪ್ಪೆ ಮರ ಇದೆ ಎಂದು ಬರೆದಿದ್ದೀರಿ, ಅದು ಇಪ್ಪೆಯಲ್ಲ, ಕದಂಬ ಎಂದರು. ಊರಿನಲ್ಲಿ ಇಪ್ಪೆ ಬೇರೆ ಕಡೆ ಇದೆ, ನಿಮಗೆ ಯಾರೋ ತಪ್ಪು ಹೇಳಿದ್ದಾರೆ ಎಂದರು. ತಿದ್ದುತ್ತೇನೆ ಎಂದೆ. ಎಲ್ಲ ಪ್ರತಿಗಳಲ್ಲೂ ತಿದ್ದಿ ಎಂದು ಹೇಳಿ ಫೋನ್ ಇಟ್ಟರು.

ಹಂಚಿ ಉಳಿದ ಪ್ರತಿಗಳು ಯೋಜನೆಯ ಕಚೇರಿಯ ಕಪಾಟಿನಲ್ಲಿದ್ದವು. ಎರಡು ದಿನ ಅಲ್ಲೇ ಕೂತು, ಒಂದೊಂದನ್ನೇ ತೆಗೆದು, ಇಪ್ಪೆ ಎಂಬುದರ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ಕದಂಬ ಎಂದು ಬರೆದೆ.